ಪಟ್ಟಾಭಿಷೇಕಕ್ಕೇ ಕಥೆ ನಿಲ್ಲಿಸಬೇಡಿ

ಪೆರುಂಗುಡಿಯ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಸಂಜೆ ಮಕ್ಕಳ ಹರಟೆ ನಡೆಯುತ್ತದೆ. ಒಂಬತ್ತನೇ ಕ್ಲಾಸಿನ ನನ್ನ ಮಗಳು ಒಂದು ದಿನ ಅಲ್ಲಿಂದ ಮುಖ ಊದಿಸಿಕೊಂಡು ಬಂದಳು. "ಅಪ್ಪಾ, ವಾತಾಪಿ ಅಂದ್ರೆ ನಮ್ಮ ಬಾದಾಮಿ ತಾನೆ? ಅದನ್ನ ಸುಟ್ಟಿದ್ದು ಇವರ ರಾಜನಂತೆ!" ಅವಳ ತಮಿಳು ಗೆಳತಿಗೆ ಪಾಟಿ ‘ಶಿವಕಾಮಿಯಿನ್ ಶಪದಂ’ ಕಥೆ ಹೇಳಿದ್ದರು. ಕಲ್ಕಿ ಕೃಷ್ಣಮೂರ್ತಿ 1944ರಿಂದ ಧಾರಾವಾಹಿಯಾಗಿ ಬರೆದ ಆ ಕಾದಂಬರಿಯನ್ನು ಇಲ್ಲಿ ತಲೆಮಾರುಗಳೇ ಓದಿವೆ. ಅದರಲ್ಲಿ ನಮ್ಮ ಪುಲಿಕೇಶಿ ಶತ್ರುಪಕ್ಷ. ಮಗಳ ಮುಂದಿನ ಪ್ರಶ್ನೆ: "ಆಮೇಲೆ ನಾವು ವಾಪಸ್ ತಗೊಂಡ್ವಾ? ಆ ಪುಸ್ತಕ ಎಲ್ಲಿದೆ?"

ಅವಳ ವಯಸ್ಸಿನವರ ಕೈಗೆ ಕೊಡಬಹುದಾದ ಅಂಥ ಕನ್ನಡ ಪುಸ್ತಕ ನನಗೆ ಸಿಗಲಿಲ್ಲ. ಗೆಳೆಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಇದನ್ನು ಹೇಳಿಕೊಂಡರೆ ಎಲ್ಲರದೂ ಒಂದೇ ಉತ್ತರ: ನಮಗೂ ಒಂದು ‘ಬಾಹುಬಲಿ’ ಬೇಕು, ಕಲ್ಕಿಗೆ ತಕ್ಕ ಜವಾಬು ಕೊಡಬೇಕು. ನನ್ನ ತಕರಾರು ಇರುವುದು ಇಲ್ಲೇ. ಪುಸ್ತಕ ಬೇಕು, ಖಂಡಿತ ಬೇಕು. ಈ ಜವಾಬು ಮಾತ್ರ ಬೇಡ.

ಮಗಳು ಓದುವ ಇಂಗ್ಲಿಷ್ ಫ್ಯಾಂಟಸಿಗಳ ಅಚ್ಚು ನನಗೀಗ ಬಾಯಿಪಾಠ. ರಾಜ್ಯ ಹೋಗಿದೆ, ವಾರಸುದಾರ ಕಾಡಿನಲ್ಲಿ ಬೆಳೆಯುತ್ತಾನೆ, ನಿಷ್ಠಾವಂತರು ಸೇರುತ್ತಾರೆ, ಯುದ್ಧ, ಕಿರೀಟ, ಶುಭಂ. ಸಿ.ಎಸ್. ಲೂಯಿಸ್ 1951ರಲ್ಲಿ ಬರೆದ ‘ಪ್ರಿನ್ಸ್ ಕ್ಯಾಸ್ಪಿಯನ್’ನಲ್ಲಿ ರಾಜ್ಯ ಬಿಡಿಸಿಕೊಡುವ ಹುಡುಗ ಗೆದ್ದವರ ಕುಲದವನೇ. ಎಷ್ಟು ಒಳ್ಳೆಯ ಸಿಕ್ಕು! ಆದರೆ ಅಲ್ಲೂ ಸಿಂಹಾಸನ ತುಂಬಿದ ಮೇಲೆ ಬೇಗ ಪರದೆ ಬೀಳುತ್ತದೆ. ಹಕ್ಕಿನವನು ಕೂತರೆ ಎಲ್ಲ ಸರಿಹೋಯಿತು ಎಂದು ಹದಿನಾಲ್ಕರ ವಯಸ್ಸಿನಲ್ಲಿ ಮನಸ್ಸಿಗೆ ಹತ್ತಿದರೆ ಬಿಡಿಸುವುದು ಕಷ್ಟ.

ವಾತಾಪಿಯ ಕಥೆ ಈ ಅಚ್ಚಿಗೆ ಕೂರುವುದಿಲ್ಲ. ಸುಮಾರು 642ರಲ್ಲಿ ಪಲ್ಲವ ನರಸಿಂಹವರ್ಮ ಊರನ್ನು ಹಿಡಿದ. ಮಾಮಲ್ಲ ಎಂಬ ಅವನ ಬಿರುದೇ ನಮ್ಮ ಓಎಂಆರ್ ರಸ್ತೆ ಹೋಗಿ ಮುಟ್ಟುವ ಮಾಮಲ್ಲಪುರದ ಹೆಸರು. ಬಾದಾಮಿಯ ಬಂಡೆಯ ಮೇಲೆ ಅವನ ಶಾಸನ ಸವೆದ ಸ್ಥಿತಿಯಲ್ಲಿ ಈಗಲೂ ಇದೆ. ಮುಂದಿನ ಹದಿಮೂರು ವರ್ಷ ಚಾಲುಕ್ಯರ ಮನೆ ಚೆಲ್ಲಾಪಿಲ್ಲಿ. ಕೊನೆಗೆ ಪುಲಿಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ ರಾಜ್ಯ ಕೂಡಿಸಿ 655ರ ಹೊತ್ತಿಗೆ ಪಟ್ಟಕ್ಕೆ ಬಂದ. ಅವನ ಶಾಸನಗಳು ಚಿತ್ರಕಂಠ ಎಂಬ ಕುದುರೆಯನ್ನು ಹೆಸರಿಟ್ಟು ನೆನೆಯುತ್ತವೆ. ಮಕ್ಕಳ ಕಾದಂಬರಿಗೆ ಇದಕ್ಕಿಂತ ಏನು ಬೇಕು? ಬೇಕಿದ್ದರೆ ವಿಜಯಭಟ್ಟಾರಿಕೆ ಇದ್ದಾಳೆ. ವಿಕ್ರಮಾದಿತ್ಯನ ಅತ್ತಿಗೆ, ತನ್ನದೇ ಹೆಸರಿನಲ್ಲಿ ದಾನಶಾಸನ ಹೊರಡಿಸಿದವಳು. ನೇರೂರು, ಕೊಚರೆಯ ತಾಮ್ರಪಟಗಳಿವೆ. ನನ್ನನ್ನು ಕೇಳಿದರೆ ನಾಯಕಿ ಅವಳೇ ಆಗಬೇಕು.

ಜವಾಬು ಬರೆಯುವವರು ಇಲ್ಲಿಗೆ ಪುಸ್ತಕ ಮುಚ್ಚುತ್ತಾರೆ. ಆದರೆ ವಿಕ್ರಮಾದಿತ್ಯ ಅಲ್ಲಿಗೆ ನಿಲ್ಲಲಿಲ್ಲ, ಕಂಚಿಯ ಮೇಲೆ ಹೋದ. ತಿರುಗಿ ಪಲ್ಲವ ಪರಮೇಶ್ವರವರ್ಮ ಪೆರುವಳನಲ್ಲೂರಿನಲ್ಲಿ ಅವನನ್ನು ಸೋಲಿಸಿದನೆಂದು ಪಲ್ಲವರ ತಾಮ್ರಪಟ ಹೇಳುತ್ತದೆ. ಊರು ವಾಪಸ್ ಬಂದರೂ ಹಗೆ ಹೋಗಲಿಲ್ಲ. ಎರಡೂ ಕಡೆಯ ರೈತನ ಗದ್ದೆ ತುಳಿದದ್ದು ಯಾವ ಪ್ರಶಸ್ತಿಯಲ್ಲೂ ಇಲ್ಲ, ಬಿಡಿ.

ಅವನ ಮರಿಮಗ ಎರಡನೆಯ ವಿಕ್ರಮಾದಿತ್ಯ, ವಾತಾಪಿ ಬಿದ್ದು ಸುಮಾರು ನೂರು ವರ್ಷದ ಮೇಲೆ, ಕಂಚಿಯನ್ನು ಗೆದ್ದ. ಸುಡಲು ಕಾರಣ ಕೈಯಲ್ಲೇ ಇತ್ತು. ಆದರೆ ಕೈಲಾಸನಾಥ ಗುಡಿಯ ಸಂಪತ್ತನ್ನು ನೋಡಿ ದೇವರಿಗೇ ಮರಳಿಸಿದನೆಂದು ಅದೇ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಕೆತ್ತಿಸಿದ. ಅವನನ್ನು ಸಂತ ಮಾಡಬೇಕಾಗಿಲ್ಲ. ಮೂರು ಸಲ ಗೆದ್ದದ್ದನ್ನು ಪಟ್ಟದಕಲ್ಲಿನಲ್ಲಿ ಸಾರಿಕೊಂಡ ಮನೆತನ ಅದು, ಮರಳಿಸಿದ್ದೂ ಒಂದು ಬಗೆಯ ಮೆರೆದಾಟವೇ ಇರಬಹುದು. ಆದರೂ ಸುಡುವುದನ್ನು ಬಿಟ್ಟು ಕೊಡುವುದನ್ನು ಮೆರೆಯುವ ವಿಷಯವೆಂದು ಒಬ್ಬ ರಾಜನಿಗೆ ಅನ್ನಿಸಿತಲ್ಲ!

ಇಷ್ಟೆಲ್ಲ ಮಕ್ಕಳಿಗೆ ಅರ್ಥವಾಗುತ್ತದೆಯೇ ಎಂದು ಗುಂಪಿನಲ್ಲೊಬ್ಬರು ಕೇಳಿದರು. ಮೆಟ್ಟಿಲ ಮೇಲೆ ದಿನಾ ಜಗಳವಾಡಿ ದಿನಾ ರಾಜಿಯಾಗುವ ಮಕ್ಕಳಿಗೆ ಅರ್ಥವಾಗದ್ದು ಇದರಲ್ಲೇನಿದೆ? ಅರ್ಥವಾಗದಿರುವುದು ನಮಗೆ, ದೊಡ್ಡವರಿಗೆ. ಯಾಕೆಂದರೆ ಪ್ರತಿ ಸಲ ನೀರಿನ ಜಗಳ ಬಂದಾಗಲೂ ನಾವು ಪುಲಿಕೇಶಿಯನ್ನೋ ಮಾಮಲ್ಲನನ್ನೋ ಎಬ್ಬಿಸಿ ಕೂರಿಸುತ್ತೇವೆ.

ಆದ್ದರಿಂದ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ. ಡ್ರ್ಯಾಗನ್ ಹಾಕಿ, ಮಾತಾಡುವ ಕುದುರೆ ಹಾಕಿ, ವಾತಾಪಿಗೆ ಬೇರೆ ಹೆಸರಿಡಿ. ಆದರೆ ಪಟ್ಟಾಭಿಷೇಕವನ್ನು ಕಥೆಯ ನಡುವೆ ತನ್ನಿ, ಕೊನೆಯ ಅಧ್ಯಾಯವನ್ನು ಶತ್ರುವಿನ ಊರಿನ ಗುಡಿಯಲ್ಲಿ ಬರೆಯಿರಿ. ಹೋದ ಭಾನುವಾರ ಮಗಳನ್ನೂ ಆ ಗೆಳತಿಯನ್ನೂ ಕಂಚಿಗೆ ಕರೆದೊಯ್ದಿದ್ದೆ. ಕಂಬದ ಮುಂದೆ ಇಬ್ಬರೂ ಬಗ್ಗಿ ನಿಂತರು. ಎಂಟನೇ ಶತಮಾನದ ಲಿಪಿ, ಇಬ್ಬರಿಗೂ ಒಂದಕ್ಷರ ಓದಲಾಗಲಿಲ್ಲ. ಆಮೇಲೆ ಇಬ್ಬರಿಗೂ ಹಸಿವಾಯಿತು.