ನ್ಯಾಯದ ಭಾವನೆಯೂ ಹತ್ತಿ ವ್ಯಾಪಾರವೂ

ದೇವದುರ್ಗ ತಾಲ್ಲೂಕಿನ ರೈತನು ರಾಯಚೂರಿನ ಮಾರುಕಟ್ಟೆಗೆ ಹತ್ತಿ ತಂದು ಮಾರಿ ಹೊರಟಾಗ, ಪಕ್ಕದ ಗಾಡಿಯವನಿಗೆ ಎಷ್ಟು ದರ ಸಿಕ್ಕಿತೆಂಬುದು ಬಹುಮಟ್ಟಿಗೆ ಅವನಿಗೆ ತಿಳಿಯುವುದಿಲ್ಲ. ತಿಳಿದರೂ ಆ ಹತ್ತಿಯ ಎಳೆ ಬೇರೆ, ತೇವಾಂಶ ಬೇರೆ. ಹೀಗಿರುವಾಗ ತನಗೆ ದೊರೆತ ಹಣ ನ್ಯಾಯವಾದುದೆಂದು ಅವನು ಯಾವುದರಿಂದ ನಿರ್ಣಯಿಸಬೇಕು?

ನೆದರ್ಲೆಂಡ್ಸ್‌ನ ಮನಶ್ಶಾಸ್ತ್ರಜ್ಞ ಕೀಸ್ ವಾನ್ ಡೆನ್ ಬೋಸ್ ಮತ್ತು ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದಕ್ಕೆ ಉತ್ತರ ನೀಡುತ್ತವೆ. ಇತರರ ಪಾಲು ತಿಳಿಯದಿದ್ದಾಗ ಮನುಷ್ಯನು ತನ್ನ ಪಾಲನ್ನು, ಅದನ್ನು ನಿರ್ಧರಿಸಿದ ಕ್ರಮದಿಂದಲೇ ಅಳೆಯುತ್ತಾನೆ; ತಿಳಿದಾಗ ಕ್ರಮದ ಪ್ರಭಾವ ಕುಗ್ಗುತ್ತದೆ. ವರ್ತಕ ಬಾಂಧವರು ದರದ ಬಗೆಗೆ ವಹಿಸುವ ಎಚ್ಚರವನ್ನು ತೂಕ ಮತ್ತು ಕಡಿತದ ಬಗೆಗೂ ವಹಿಸಬೇಕಾದುದು ಇದಕ್ಕಾಗಿಯೇ.

ಭಾರತೀಯ ಹತ್ತಿ ನಿಗಮವು ಶೇ. 8ರ ತೇವಾಂಶವನ್ನು ಆಧಾರವಾಗಿಟ್ಟು, ಶೇ. 12ರವರೆಗೆ ಪ್ರಮಾಣಾನುಸಾರ ದರ ಕಡಿತಗೊಳಿಸಿ, ಅದಕ್ಕೂ ಮೀರಿದ ಮಾಲನ್ನು ನಿರಾಕರಿಸುತ್ತದೆ. ಈ ನಿಯಮ ರೈತನಿಗೆ ಹಿತವೇನಲ್ಲ. ಆದರೆ ಅದು ಮೊದಲೇ ತಿಳಿದಿರುವ ನಿಯಮ. ಖಾಸಗಿ ಖರೀದಿಯಲ್ಲಿಯೂ ಮಾಪಕವನ್ನು ರೈತನ ಎದುರಿಗೇ ಹತ್ತಿಯೊಳಗಿಟ್ಟು, ಅಂಕಿಯನ್ನು ತೋರಿಸಿ, ಕಡಿತದ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಟ್ಟರೆ, ಅದೇ ಕಡಿತವು ಅವನ ಕಣ್ಣಿಗೆ ಬೇರೆಯಾಗಿ ತೋರುತ್ತದೆ.

ಗಣಕೀಕೃತ ಟೆಂಡರ್ ಇರುವಾಗ ಇದೆಲ್ಲ ಏಕೆಂದು ಕೆಲವರು ಕೇಳಬಹುದು. ಟೆಂಡರಿನಲ್ಲಿ ದರ ನಿಗದಿಯಾದ ಬಳಿಕ ಜಿನ್ನಿಂಗ್ ಕಾರ್ಖಾನೆಯ ಅಂಗಳದಲ್ಲಿ ಬಾಯಿಮಾತಿನ ಕಡಿತವಾದರೆ, ಆ ಪಾರದರ್ಶಕತೆಯೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಬೆಲೆಯ ಏರಿಳಿತವನ್ನು ಜನರು ಸಹಿಸುವುದೇ ಇಲ್ಲವೆಂದಲ್ಲ. ಕಾನೆಮನ್, ನೆಚ್ ಮತ್ತು ಥೇಲರ್ ಕೆನಡಾದಲ್ಲಿ ನಡೆಸಿ 1986ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಹಿಮಪಾತದ ಮರುದಿನ 15 ಡಾಲರಿನ ಸಲಿಕೆಯನ್ನು 20ಕ್ಕೆ ಏರಿಸಿದ ಅಂಗಡಿಯನ್ನು ಶೇ. 82 ಮಂದಿ ಅನ್ಯಾಯವೆಂದರು; ಸಗಟು ದರ ಏರಿದ್ದಕ್ಕಾಗಿ ಬೆಲೆ ಹೆಚ್ಚಿಸುವುದನ್ನು ಬಹುಮಂದಿ ಒಪ್ಪಿದರು. ಕಾರಣ ಕಂಡಾಗ ಬೆಲೆ ಸಹ್ಯವಾಗುತ್ತದೆ.

ಇವೆಲ್ಲಕ್ಕೂ ಒಂದು ಕಾಲಮಿತಿಯಿದೆ. ಅಮೆರಿಕದ ಲಿಂಡಾ ಸ್ಕಿಟ್ಕಾ ಅವರ 2001, 2002ರ ಅಧ್ಯಯನಗಳ ಪ್ರಕಾರ, ಅಭಿಪ್ರಾಯವೊಂದು ಧರ್ಮಾಧರ್ಮದ ನಿಶ್ಚಯವಾಗಿ ಗಟ್ಟಿಗೊಂಡವರಿಗೆ ಕ್ರಮವೆಷ್ಟು ಶುದ್ಧವಾಗಿದ್ದರೂ ಅದು ಗಣ್ಯವಾಗುವುದಿಲ್ಲ; ಅವರು ಫಲಿತಾಂಶವನ್ನಷ್ಟೇ ನೋಡುತ್ತಾರೆ. ‘ಇಲ್ಲಿ ದರ ಕಡಿಮೆ’ ಎಂಬ ಅಭಿಪ್ರಾಯವನ್ನು ಮುಂದಿನ ವಾರದ ದರವೇ ಬದಲಿಸೀತು. ‘ಇವರು ಮೋಸಗಾರರು’ ಎಂಬ ನಿಶ್ಚಯವನ್ನು ಹೊಸ ಎಲೆಕ್ಟ್ರಾನಿಕ್ ಕಾಟಾ ತಂದರೂ ಅಳಿಸಲಾಗದು. ಅಷ್ಟರಲ್ಲಿ ರೈತನ ಗಾಡಿ ಬೇರೆ ದಾರಿ ಹಿಡಿದಿರುತ್ತದೆ. ಗಡಿಯಾಚೆ ಆದೋನಿಯಲ್ಲಿಯೂ ದೊಡ್ಡ ಹತ್ತಿ ಮಾರುಕಟ್ಟೆಯಿದೆ.