ನಮ್ಮ ಕೆರೆಯ ಹಕ್ಕಿಗೆ ಯಾರ ಭಾಷೆ?

ಡಬ್ಬಿಂಗ್ ಬಂದರೆ ಕನ್ನಡ ಕೆಡುತ್ತದೆ ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿಕೊಂಡು ಬಂದವನು. ಊರಿನ ಸಭೆಗಳಲ್ಲಿ ಕೇಳಿದ್ದೇನೆ, ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಕೇಳಿದ್ದೇನೆ, ಈಗಲೂ ಸಾಹಿತ್ಯದ ಗೆಳೆಯರ ನಡುವೆ ಕೇಳುತ್ತೇನೆ. ಕಾನೂನಿನ ಮಟ್ಟಿಗೆ ಆ ಜಗಳ ಮುಗಿದು ವರ್ಷಗಳಾದವು. ನಮ್ಮ ಮನಸ್ಸಿನಲ್ಲಿ ಮಾತ್ರ ಮುಗಿದಿಲ್ಲ. ಡಬ್ಬಿಂಗ್ ಎಂದರೆ ಮೂಗು ಮುರಿಯುವುದು ಈಗಲೂ ಒಳ್ಳೆಯ ಅಭಿರುಚಿಯ ಲಕ್ಷಣ. ಹಾಗೆ ಮೂಗು ಮುರಿಯುವವರಿಗೆ ನನ್ನದೊಂದು ಪ್ರಶ್ನೆ: ನಮ್ಮೂರು ಗುಡವಿಯ ಕೆರೆಗೆ ಬರುವ ಹಕ್ಕಿಗಳ ವಿಷಯವನ್ನು ನನ್ನ ಅಜ್ಜಿ ಟಿವಿಯಲ್ಲಿ ಯಾವ ಭಾಷೆಯಲ್ಲಿ ಕೇಳಬೇಕು?

ಗುಡವಿ ಗೊತ್ತಿಲ್ಲದವರಿಗೆ ಒಂದು ಮಾತು. ಸೊರಬ ತಾಲ್ಲೂಕಿನ ಈ ಸಣ್ಣ ಊರಿನ ಕೆರೆ ಪಕ್ಷಿಧಾಮ. ಮಳೆ ಹಿಡಿದ ಮೇಲೆ ನೀರಿನಲ್ಲಿ ನಿಂತ ಮರಗಳ ಮೇಲೆ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಎಲ್ಲ ಗೂಡು ಕಟ್ಟುತ್ತವೆ. ಹಕ್ಕಿ ಬಂದಿವೆ ಎಂದು ಅಜ್ಜಿ ಹೇಳುವುದು ನೋಡಿ ಅಲ್ಲ, ಕೇಳಿ. ಮರಿ ಹಾರಿ ಹೋದಮೇಲೆ ಅವೆಲ್ಲ ಎಲ್ಲಿಗೆ ಹೋಗುತ್ತವೆ, ಮುಂದಿನ ವರ್ಷ ದಾರಿ ಹೇಗೆ ನೆನಪಿಟ್ಟುಕೊಳ್ಳುತ್ತವೆ ಎಂಬುದು ಅವಳ ಬಹುದಿನದ ಪ್ರಶ್ನೆ. ಅದಕ್ಕೆ ಉತ್ತರ ಹೇಳುವ ಕಾರ್ಯಕ್ರಮಗಳು ನಮ್ಮ ಮನೆಯ ಟಿವಿಯಲ್ಲೇ ಬರುತ್ತಿದ್ದವು, ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಅಜ್ಜಿ ಚಿತ್ರ ನೋಡುತ್ತಿದ್ದಳು. ‘ಎಂತ ಹೇಳ್ತಾನೋ ಅವ?’ ಎಂದು ಕೇಳುತ್ತಿದ್ದಳು. ಮನೆಯಲ್ಲಿ ಯಾರಾದರೂ ಇದ್ದರೆ ಹೇಳುತ್ತಿದ್ದರು, ಇಲ್ಲದಿದ್ದರೆ ಇಲ್ಲ.

ಈ ವಿಷಯವನ್ನು ಬೇರೆ ಕಣ್ಣಿನಿಂದ ನೋಡುವಂತೆ ಮಾಡಿದ್ದು ಇಟಲಿ. ಓದಲೆಂದು ಪಾದುವಾಕ್ಕೆ ಹೋದ ನಾನು ಎರಡು ವರ್ಷ ಒಂದು ಕುಟುಂಬದ ಮನೆಯಲ್ಲಿ ಕೋಣೆ ಹಿಡಿದು ಇದ್ದೆ. ಅಜ್ಜಿ, ಮಗಳು, ಮೊಮ್ಮಗ. ಅಜ್ಜಿಯನ್ನು ಎಲ್ಲರ ಹಾಗೆ ನಾನೂ ‘ನೊನ್ನಾ’ ಎಂದೇ ಕರೆಯುತ್ತಿದ್ದೆ. ವಿಶ್ವವಿದ್ಯಾಲಯ 1222ರಷ್ಟು ಹಳೆಯದು, ಗೆಲಿಲಿಯೋ ಪಾಠ ಹೇಳಿದ ಜಾಗ. ಆದರೆ ಇಟಾಲಿಯನ್ ನನಗೆ ಬಂದದ್ದು ಅಲ್ಲಿಂದಲ್ಲ, ಅಡುಗೆಮನೆಯ ಟಿವಿಯಿಂದ. ಸಂಜೆಯಾದರೆ ‘ಲೆರೆದಿತಾ’ ಎಂಬ ರಸಪ್ರಶ್ನೆ, ಎಂಟಕ್ಕೆ ವಾರ್ತೆ, ಆಮೇಲೆ 1996ರಿಂದ ನಡೆದುಕೊಂಡು ಬಂದಿರುವ ನೇಪಲ್ಸಿನ ಧಾರಾವಾಹಿ. ಪಾಸ್ತಾ ಬೇಯುವಾಗ ಪ್ರಶ್ನೆಗೆ ನೊನ್ನಾ ಉತ್ತರ ಕೂಗುತ್ತಿದ್ದಳು. ಅವಳು ಓದಿದ್ದು ಐದನೆಯ ತರಗತಿ. ಅಮೆರಿಕದ ಪತ್ತೇದಾರ, ಜರ್ಮನಿಯ ವೈದ್ಯ, ಇಂಗ್ಲೆಂಡಿನ ರಾಣಿ, ಎಲ್ಲರೂ ಅವಳ ಅಡುಗೆಮನೆಗೆ ಬಂದು ಇಟಾಲಿಯನ್ ಮಾತಾಡುತ್ತಿದ್ದರು.

ಒಂದು ರಾತ್ರಿ ಆಫ್ರಿಕಾದ ಕೆಂಬರಲು ಪೋ ನದಿಯ ಬಯಲಿನ ಭತ್ತದ ಗದ್ದೆಗಳಿಗೆ ಬಂದು ನೆಲೆಸಿದ ಕಥೆ ಬಂತು. ನಮ್ಮ ಕೆರೆಯ ಕೆಂಬರಲಿನ ಹತ್ತಿರದ ಸಂಬಂಧಿ ಅದು. ನೊನ್ನಾ ಪೂರ್ತಿ ಕೇಳಿದಳು. ಆ ಹಕ್ಕಿ ಏನು ತಿನ್ನುತ್ತದೆ, ಸ್ಥಳೀಯ ಹಕ್ಕಿಗಳಿಗೆ ಅದರಿಂದ ತೊಂದರೆಯೇ ಎಂದು ಮಗಳ ಜತೆ ವಾದಕ್ಕಿಳಿದಳು. ಐದನೆಯ ತರಗತಿ ಓದಿದ ಹೆಂಗಸು ಪರಿಸರ ವಿಜ್ಞಾನದ ಒಂದು ಪ್ರಶ್ನೆಯ ಮೇಲೆ ಸ್ವಂತ ಅಭಿಪ್ರಾಯ ಇಟ್ಟುಕೊಂಡಿದ್ದಳು. ನನ್ನ ಅಜ್ಜಿಗಿಂತ ಅವಳು ಬುದ್ಧಿವಂತೆಯೇನಲ್ಲ. ಹಕ್ಕಿಗಳ ಜತೆ ಅಜ್ಜಿಗಿರುವ ಒಡನಾಟ ಅವಳಿಗಿರಲಿಲ್ಲ. ಇಬ್ಬರ ನಡುವಿನ ವ್ಯತ್ಯಾಸ ಒಂದೇ: ಒಬ್ಬಳ ಟಿವಿ ಅವಳೊಡನೆ ಮಾತಾಡುತ್ತಿತ್ತು.

ಇದು ತಾನಾಗಿ ಆದದ್ದಲ್ಲ. 1861ರಲ್ಲಿ ಇಟಲಿ ಒಂದಾದಾಗ ಇಟಾಲಿಯನ್ ಮಾತಾಡಬಲ್ಲವರು ನೂರಕ್ಕೆ ಎರಡೂವರೆ ಜನ ಮಾತ್ರ ಎಂದು ಭಾಷಾವಿಜ್ಞಾನಿ ತುಲ್ಲಿಯೋ ದೆ ಮೌರೋ ಲೆಕ್ಕ ಹಾಕಿದ್ದರು. ಉಳಿದವರೆಲ್ಲ ತಂತಮ್ಮ ಸೀಮೆಯ ನುಡಿಯಾಡುತ್ತಿದ್ದರು. ಭಾಷೆ ಹಬ್ಬಿಸಿದ್ದರಲ್ಲಿ ಶಾಲೆ, ಸೈನ್ಯ, ವಲಸೆಗಳ ಜತೆಗೆ 1954ರ ಜನವರಿಯಲ್ಲಿ ಶುರುವಾದ ರಾಯ್ ಟೆಲಿವಿಷನ್ನಿನದೂ ದೊಡ್ಡ ಪಾಲು. 1960ರಿಂದ 68ರವರೆಗೆ ಆಲ್ಬರ್ತೋ ಮಾಂತ್ಸಿ ಎಂಬ ಮೇಷ್ಟ್ರು ಟಿವಿಯಲ್ಲಿ ಚಿತ್ರ ಬರೆದು ತೋರಿಸುತ್ತ ದೊಡ್ಡವರಿಗೆ ಅಕ್ಷರ ಕಲಿಸಿದರು. ಪಿಯೆರೋ ಆಂಜೆಲಾ 1981ರಲ್ಲಿ ‘ಕ್ವಾರ್ಕ್’ ಶುರುಮಾಡಿ, 2022ರಲ್ಲಿ ತೀರಿಕೊಳ್ಳುವವರೆಗೂ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಹೇಳುವಷ್ಟು ಸರಳವಾಗಿ ವಿಜ್ಞಾನ ಹೇಳಿದರು. ಹೊರಗಿನ ಒಳ್ಳೆಯ ಸಾಕ್ಷ್ಯಚಿತ್ರಗಳನ್ನು ಇಟಾಲಿಯನ್ನಿಗೆ ತಂದೇ ತೋರಿಸಿದರು. ನಮ್ಮ ಬೆಂಗಳೂರು ದೂರದರ್ಶನ ಹುಟ್ಟಿದ್ದೂ ಅದೇ 1981ರಲ್ಲಿ.

ನಮ್ಮಲ್ಲಿ ಏನಾಯಿತು? ಅರವತ್ತರ ದಶಕದಲ್ಲಿ ಡಬ್ಬಿಂಗ್ ವಿರುದ್ಧ ಚಳವಳಿ ನಡೆಯಿತು. ಅ.ನ.ಕೃ. ಅವರಂಥವರು ಮುಂದೆ ನಿಂತರು, ರಾಜ್‌ಕುಮಾರ್ ಜತೆಗೂಡಿದರು. ಅವರನ್ನು ಹಂಗಿಸುವವನು ನಾನಲ್ಲ. ಆಗ ಕನ್ನಡ ಚಿತ್ರರಂಗ ಮದರಾಸಿನ ಸ್ಟುಡಿಯೋಗಳಲ್ಲಿ ಬಾಡಿಗೆಗೆ ಇದ್ದ ಕೂಸು. ಅದಕ್ಕೆ ಬೇಲಿ ಬೇಕಿತ್ತು. ಆದರೆ ಸಸಿಗೆ ಕಟ್ಟಿದ ಬೇಲಿಯನ್ನು ಮರವಾದ ಮೇಲೂ ಬಿಚ್ಚದಿದ್ದರೆ ಅದು ಕಾಂಡವನ್ನೇ ಕೊಯ್ಯುತ್ತದೆ. ಯಾವ ಶಾಸನಸಭೆಯೂ ಮಾಡದ ಒಂದು ನಿಷೇಧ ಐವತ್ತು ವರ್ಷ ನಡೆಯಿತು. ಸಿನಿಮಾಕ್ಕೆಂದು ಹುಟ್ಟಿದ್ದು ಟಿವಿಗೂ ಹಬ್ಬಿತು. 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೇ’ ಹೆಣ್ಣು ಭ್ರೂಣಹತ್ಯೆಯ ವಿಷಯ ಎತ್ತಿಕೊಂಡು ಶುರುವಾದಾಗ ತಮಿಳರು, ತೆಲುಗರು, ಮಲಯಾಳಿಗಳು ಅದನ್ನು ತಮ್ಮ ಭಾಷೆಯ ಟಿವಿಯಲ್ಲಿ ನೋಡಿದರು. ಕನ್ನಡದ ಟಿವಿಯಲ್ಲಿ ಅದು ಬರಲಿಲ್ಲ. ಇದರಿಂದ ಉಳಿದದ್ದು ಯಾವ ಕನ್ನಡ? ನೋಡಬೇಕೆನಿಸಿದ ಕನ್ನಡಿಗ ಹಿಂದಿಯಲ್ಲಿ ನೋಡಿದ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುವುದು ಎಂದರೆ ಇದೇ.

2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಹೀಗೆ ಅಡ್ಡಗಟ್ಟುವುದು ಕಾನೂನಿಗೆ ವಿರುದ್ಧ ಎಂದು ಹೇಳಿತು. 2017ರಲ್ಲಿ ತಮಿಳಿನಿಂದ ‘ಸತ್ಯದೇವ್ ಐಪಿಎಸ್’ ಬಂತು. 2020ರ ಲಾಕ್‌ಡೌನಿನಲ್ಲಿ ಹಿಂದಿಯ ಮಹಾಭಾರತ ಧಾರಾವಾಹಿ ಕನ್ನಡ ಮಾತಾಡಿತು. ಆಕಾಶ ಕಳಚಿ ಬಿತ್ತೇ? 2018ರಲ್ಲಿ ‘ಕೆಜಿಎಫ್’, 2022ರಲ್ಲಿ ‘ಕಾಂತಾರ’ ಬಂದದ್ದು ಬಾಗಿಲು ತೆರೆದ ಮೇಲೆಯೇ. ಅವು ದೇಶ ಸುತ್ತಿದ್ದು ಯಾವ ಗಾಡಿಯಲ್ಲಿ? ಡಬ್ಬಿಂಗಿನ ಗಾಡಿಯಲ್ಲಿ. ನೆಂಟರ ಮನೆಗೆಲ್ಲ ಊಟಕ್ಕೆ ಹೋಗಿಬಂದು, ಅವರು ನಮ್ಮ ಮನೆಗೆ ಬರುವಾಗ ಅಗುಳಿ ಹಾಕಿಕೊಳ್ಳುವುದು ಯಾವ ಊರಿನ ಮರ್ಯಾದೆ?

ಕಲಾವಿದರ ಅನ್ನದ ಮಾತು ಬರುತ್ತದೆ. ಅದು ಹಗುರವಾದ ಮಾತಲ್ಲ. ಇಟಲಿಯಲ್ಲಿ ಕಂಠದಾನವೇ ಒಂದು ಗೌರವದ ಕಸುಬು. ರಾಬರ್ಟ್ ಡಿ ನಿರೋ, ಅಲ್ ಪಚಿನೋ ಇಬ್ಬರಿಗೂ ದನಿಯಾಗಿದ್ದ ಫೆರ್ರುಚ್ಚೋ ಅಮೆಂದೋಲಾ ಅವರ ಹೆಸರು ನೊನ್ನಾಗೆ ಗೊತ್ತಿತ್ತು. ಹೊರಗಿನದನ್ನೆಲ್ಲ ಡಬ್ ಮಾಡಿಕೊಂಡ ಅದೇ ದೇಶದಲ್ಲಿ ಫೆಲಿನಿ, ಡಿ ಸಿಕಾ, ಆಂಟೋನಿಯೋನಿ ಚಿತ್ರ ಮಾಡಿದರು. ಸ್ವಂತದ್ದು ಮಾಡುವ ತಾಕತ್ತು ಇದ್ದವನಿಗೆ ಹೊರಗಿನದು ಗೊಬ್ಬರ.

‘ಡಬ್ಬಿಂಗ್ ಯಾಕೆ, ಕೆಳಗೆ ಕನ್ನಡ ಅಕ್ಷರ ಹಾಕಿದರೆ ಸಾಲದೇ?’ ಎನ್ನುವುದು ನಮ್ಮ ಚಿತ್ರೋತ್ಸವದ ಗೆಳೆಯರ ಮಾತು. ಓದಿದವರಿಗೆ ಸಾಕು. ಮೂಲದ ದನಿ ಕೇಳುವ ಸುಖ ದೊಡ್ಡದು, ಆ ಸುಖ ಬೇಡವೆಂದು ನಾನೂ ಹೇಳುವುದಿಲ್ಲ. ಆದರೆ ಅಕ್ಷರ ಕೂಡಿಸಿ ಓದುವ ಅಜ್ಜಿಗೆ, ಇನ್ನೂ ಅಕ್ಷರ ಕಲಿಯದ ಐದು ವರ್ಷದ ಕೂಸಿಗೆ ಅದು ಹಾಗೇ ಓಡಿಹೋಗುವ ಗೆರೆ. ಇನ್ನು ಎಲ್ಲವೂ ಕನ್ನಡದಲ್ಲೇ ಸಿಕ್ಕರೆ ಮಕ್ಕಳಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಭಯ. ಇಂಗ್ಲಿಷನ್ನು ಶಾಲೆ ಕಲಿಸಲಿ, ಚೆನ್ನಾಗಿ ಕಲಿಸಲಿ. ಅದಕ್ಕಾಗಿ ಅಜ್ಜಿಯ ಹಕ್ಕಿಯನ್ನು ಒತ್ತೆ ಇಡುವುದು ಯಾಕೆ?

ಇಟಲಿಯನ್ನು ಸ್ವರ್ಗ ಮಾಡಿ ತೋರಿಸುವ ಆಸೆ ನನಗಿಲ್ಲ. ಅಲ್ಲಿ ಡಬ್ಬಿಂಗ್ ಬೇರು ಬಿಟ್ಟದ್ದು ಮುಸೊಲಿನಿಯ ಕಾಲದಲ್ಲಿ, ಪರಭಾಷೆಯ ದನಿ ಪರದೆಯ ಮೇಲೆ ಕೇಳಕೂಡದೆಂಬ ಹಟದಿಂದ. ಇನ್ನೊಂದು ನಷ್ಟವನ್ನು ನಾನು ದಿನವೂ ಊಟದ ಮೇಜಿನಲ್ಲಿ ಕೇಳಿದೆ. ನೊನ್ನಾ ‘ಏನು’ ಎನ್ನಲು ತನ್ನ ವೆನೆತೋ ಸೀಮೆಯ ‘ಕೊಸ್ಸಾ’ ಎನ್ನುತ್ತಿದ್ದಳು. ಮೊಮ್ಮಗ ‘ಕೋಜಾ’ ಎನ್ನುತ್ತಿದ್ದ. ನಮ್ಮ ಕಡೆ ಅಜ್ಜಿ ‘ಎಂತ’ ಎಂದರೆ ಟಿವಿ ನೋಡಿ ಬೆಳೆದ ಮಕ್ಕಳು ‘ಏನು’ ಎನ್ನುವ ಹಾಗೆ. ಫ್ರಿಯುಲಿ ನುಡಿಯಲ್ಲಿ ಕವಿತೆ ಬರೆದ ಪಸೋಲಿನಿ, ಟಿವಿ ಊರೂರಿನ ಬದುಕನ್ನು ಒಂದೇ ಅಚ್ಚಿಗೆ ಒತ್ತುತ್ತಿದೆ ಎಂದು 1973ರಲ್ಲೇ ಪತ್ರಿಕೆಯಲ್ಲಿ ಸಿಟ್ಟಿನಿಂದ ಬರೆದರು. ಅವರ ಸಿಟ್ಟು ನ್ಯಾಯವಾದದ್ದು.

ಆದರೆ ಆ ಸಿಟ್ಟು ನಮಗೆ ಹೇಳುವುದು ಏನನ್ನು? ಬಾಗಿಲು ಮುಚ್ಚಿ ಎಂದಲ್ಲ. ಬಾಗಿಲಿನಿಂದ ಒಳಬರುವ ಕನ್ನಡ ಎಂಥದ್ದು ಎಂದು ನೋಡಿಕೊಳ್ಳಿ ಎಂದು. ಇಲ್ಲಿಯೇ ನನ್ನ ಜಗಳ ವಿರೋಧಿಗಳನ್ನು ಬಿಟ್ಟು ನಮ್ಮವರ ಕಡೆ ತಿರುಗುತ್ತದೆ. ಇವತ್ತು ಡಬ್ ಆಗಿ ಬರುವುದರಲ್ಲಿ ಬಹುಪಾಲು ಕನ್ನಡ ಯಾರ ಬಾಯಿಯದೂ ಅಲ್ಲ. ಪಾತ್ರಗಳು ಸುತ್ತೋಲೆ ಓದಿದಂತೆ ಮಾತಾಡುತ್ತವೆ. ಸಿಟ್ಟು ಬಂದವನೂ ವ್ಯಾಕರಣ ತಪ್ಪುವುದಿಲ್ಲ. ಇದನ್ನು ಕೇಳಿ ನಗುವ ಸಾಹಿತಿಗಳು ತುಂಬ ಇದ್ದಾರೆ. ಬರೆದುಕೊಡುತ್ತೇನೆ ಎಂದವರು ಎಷ್ಟು ಜನ?

ಗುಡವಿಯ ನೆರೆಯಲ್ಲೇ ಬನವಾಸಿ. ಆ ಊರನ್ನು ನೆನೆಯುತ್ತ ಪಂಪ ವ್ಯಾಸರ ಕಥೆಯನ್ನು ಕನ್ನಡಕ್ಕೆ ತಂದ. ಅರ್ಜುನನ ಜಾಗದಲ್ಲಿ ತನ್ನ ಅರಸ ಅರಿಕೇಸರಿಯನ್ನೇ ಕೂರಿಸುವಷ್ಟು ಸಲುಗೆಯಿಂದ ತಂದ. ಬಿ.ಎಂ.ಶ್ರೀ. ಇಂಗ್ಲಿಷ್ ಕವಿತೆಗಳನ್ನು ತಂದು ಹೊಸಗನ್ನಡಕ್ಕೆ ದಾರಿ ಮಾಡಿದರು. ಹೊರಗಿನದನ್ನು ತರುವುದು ಕನ್ನಡಕ್ಕೆ ಅವಮಾನವಾಗಿದ್ದರೆ ನಮ್ಮ ಸಾಹಿತ್ಯಚರಿತ್ರೆಯಲ್ಲಿ ಉಳಿಯುವುದು ಸ್ವಲ್ಪವೇ. ಪುಸ್ತಕಕ್ಕೆ ತಂದರೆ ಅನುವಾದ, ಪ್ರಶಸ್ತಿ. ಪರದೆಗೆ ತಂದರೆ ಡಬ್ಬಿಂಗ್, ಛೀ. ಈ ಎರಡು ತಕ್ಕಡಿಯ ವ್ಯವಹಾರ ನಿಲ್ಲಬೇಕು.

ಆಗುವುದಿಲ್ಲ ಎನ್ನುವವರಿಗೆ ‘ವೈಲ್ಡ್ ಕರ್ನಾಟಕ’ ತೋರಿಸುತ್ತೇನೆ. ನಮ್ಮದೇ ಕಾಡಿನ ಚಿತ್ರ. ಇಂಗ್ಲಿಷಿನಲ್ಲಿ ಡೇವಿಡ್ ಆಟೆನ್‌ಬರೋ ಹೇಳಿದ್ದನ್ನು ಕನ್ನಡದಲ್ಲಿ ರಿಷಬ್ ಶೆಟ್ಟಿ ಹೇಳಿದರು. 2020ರಲ್ಲಿ ಅದು ಟಿವಿಗೂ ಬಂತು. ಕನ್ನಡಕ್ಕೆ ಏನೂ ಕುಂದಾಗಲಿಲ್ಲ, ಕಾಡು ನಮ್ಮ ಅಂಗಳಕ್ಕೆ ಹತ್ತಿರವಾಯಿತು ಅಷ್ಟೆ. ಇಂಥದ್ದು ಯಾವಾಗಲೋ ಒಂದು ಬಂದರೆ ಹಬ್ಬ. ವಾರಕ್ಕೊಂದು ಬರಬೇಕು, ಆಗ ಅದು ಊಟ.

ಇದನ್ನು ಓದುತ್ತಿರುವವರಲ್ಲಿ ಕನ್ನಡ ಎಂ.ಎ. ಮಾಡುತ್ತಿರುವವರು ಇದ್ದೀರಿ, ಕಥೆ ಬರೆಯುವವರು ಇದ್ದೀರಿ. ತುಟಿಯ ಚಲನೆಗೆ ಹೊಂದುವ ಹಾಗೆ, ಸೊರಬದವನು ಸೊರಬದವನಂತೆ, ಬೀದರಿನವಳು ಬೀದರಿನವಳಂತೆ ಮಾತಾಡುವ ಹಾಗೆ ಬರೆಯುವುದು ಸಣ್ಣ ವಿದ್ಯೆಯಲ್ಲ. ಅದನ್ನು ಕಲಿಸುವ ಒಂದು ಪತ್ರಿಕೆ ನಿಮ್ಮ ಪಠ್ಯದಲ್ಲಿದೆಯೇ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿ. ಇಲ್ಲ ಎಂದರೆ ಯಾಕಿಲ್ಲ ಎಂದು ಕೇಳಿ. ಕನ್ನಡವನ್ನು ಕಾಯುವುದಕ್ಕೆ ಬಾಗಿಲಲ್ಲಿ ನಿಂತವರು ಬೇಕಾದಷ್ಟು ಆದರು. ಒಳಗೆ ಬಂದವರನ್ನು ಕನ್ನಡದಲ್ಲಿ ಮಾತಾಡಿಸುವವರು ಈಗ ಬೇಕು.