ಮಂಜಪ್ಪೈ ಎಷ್ಟು ಬಾರಿ ಪೇಟೆಗೆ ಹೋಗಬೇಕು?

ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ನಮ್ಮಂಥವರಿಗೆ ಮನೆಯಲ್ಲಿ ಏನೇನು ಸೇರಿಕೊಂಡಿದೆ ಎಂಬುದು ತಿಳಿಯುವುದು ವರ್ಗಾವಣೆಯ ಆದೇಶ ಬಂದಾಗಲೇ. ಟಿ. ನಗರದ ಬಾಡಿಗೆ ಮನೆಯ ಸಾಮಾನು ಕಟ್ಟುವಾಗ ಬಾಗಿಲ ಹಿಂದಿನ ಮೊಳೆಯಿಂದ, ಅಟ್ಟದಿಂದ, ಮಂಚದಡಿಯಿಂದ ಹೊರಬಂದ ಬಟ್ಟೆಚೀಲಗಳು 62. ಹೆಚ್ಚಿನವು ಹಳದಿ, ಒಂದು ಬದಿಗೆ ಜವಳಿ ಅಂಗಡಿಯ ಹೆಸರು, ಕೆಲವುಗಳ ಮೇಲೆ ಯಾವುದೋ ಮದುವೆಯ ವಧೂವರರ ಹೆಸರು. ಪ್ಲಾಸ್ಟಿಕ್ ಚೀಲ ಮುಟ್ಟದವರು ನಾವೆಂದು ಬೀಗುತ್ತಿದ್ದ ನಮಗೆ ಆ ರಾಶಿಯ ಮುಂದೆ ಮಾತೇ ಹೊರಡಲಿಲ್ಲ.

ತಮಿಳರು ಇದನ್ನು ಮಂಜಪ್ಪೈ ಎನ್ನುತ್ತಾರೆ. ಅರಿಸಿನದ ಬಣ್ಣ ಶುಭವೆಂದು ಮದುವೆಯ ತಾಂಬೂಲಕ್ಕೆ ಸಂದ ಈ ಚೀಲ, ನಡುವೆ ಹಳ್ಳಿಗಮಾರನ ಗುರುತೆಂಬ ಗೇಲಿಗೂ ಒಳಗಾಯಿತು. ತಮಿಳುನಾಡಿನಲ್ಲಿ ಪ್ಲಾಸ್ಟಿಕ್ ಕೈಚೀಲದ ನಿಷೇಧ 2019ರ ಜನವರಿ 1ರಿಂದ ಜಾರಿಗೆ ಬಂತು. 2021ರ ಡಿಸೆಂಬರಿನಲ್ಲಿ ಸರ್ಕಾರವೇ ‘ಮೀಂಡುಂ ಮಂಜಪ್ಪೈ’, ಎಂದರೆ ‘ಮತ್ತೆ ಹಳದಿ ಚೀಲ’, ಎಂಬ ಆಂದೋಲನ ಹೂಡಿತು. ಕೋಯಂಬೇಡು ಮಾರುಕಟ್ಟೆಯಲ್ಲಿ ಹತ್ತು ರೂಪಾಯಿಗೆ ಚೀಲ ಕೊಡುವ ಯಂತ್ರವೂ ಬಂತು. ಅದಕ್ಕೆ ತಿಂಗಳ ಹಿಂದಷ್ಟೇ ನವೆಂಬರಿನ ಮಳೆಗೆ ಟಿ. ನಗರದ ಬೀದಿಗಳು ನೀರಿನಲ್ಲಿ ನಿಂತದ್ದನ್ನು, ಕಸ ತುಂಬಿದ ಮಾಂಬಲಂ ಕಾಲುವೆಯನ್ನು ಕಂಡವರು ಈ ಆಂದೋಲನವನ್ನು ಹಗುರವಾಗಿ ಕಾಣಲಾರರು. ನಾವೂ ಕಾಣುವುದಿಲ್ಲ.

ಆದರೆ ಚೀಲದ ಹುಟ್ಟನ್ನೂ ನೋಡಬೇಕು. ಒಂದು ಕಿಲೋ ಹತ್ತಿಬಟ್ಟೆಗೆ ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಬೇಕೆಂಬುದು ತಜ್ಞರ ಲೆಕ್ಕ. ನೂರು ಗ್ರಾಮಿನ ಚೀಲವೊಂದು ಆ ಲೆಕ್ಕದಲ್ಲಿ ಸಾವಿರ ಲೀಟರ್ ಕುಡಿದೇ ಅಂಗಡಿಗೆ ಬರುತ್ತದೆ. ಮೇಲೆ ಗೊಬ್ಬರ, ಕೀಟನಾಶಕ, ಗಿರಣಿಯ ವಿದ್ಯುತ್ತು, ಬಣ್ಣ. (ಇಂದಿನ ಹಳದಿ ಅರಿಸಿನದ್ದಲ್ಲ, ರಾಸಾಯನಿಕದ್ದು.) ಎಸೆದುಬಿಡುವ ತೆಳು ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದರೆ, ಭೂತಾಪದ ಲೆಕ್ಕದಲ್ಲಿ ಹತ್ತಿಚೀಲವನ್ನು 131 ಬಾರಿ ಬಳಸಬೇಕೆಂದು ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಹೇಳಿತು. ಕಾಲುವೆ ಕಟ್ಟಿಕೊಳ್ಳುವುದು, ಹಸುವಿನ ಹೊಟ್ಟೆಗೆ ಹೋಗುವುದು ಈ ಲೆಕ್ಕದಲ್ಲಿಲ್ಲ. ಆದ್ದರಿಂದ ಪ್ಲಾಸ್ಟಿಕ್ಕಿಗೆ ಮರಳೋಣವೆಂಬುದು ನಮ್ಮ ವಾದವಲ್ಲ. ಬಟ್ಟೆಯೆಂಬ ಮಾತ್ರಕ್ಕೆ ಚೀಲ ಪುಣ್ಯವಂತವಾಗದು ಎಂಬುದಷ್ಟೇ. ನಮ್ಮ 62 ಚೀಲಗಳಲ್ಲಿ ಮೂರು ಬಾರಿಗಿಂತ ಹೆಚ್ಚು ಪೇಟೆ ಕಂಡವು ಐದಾರಿದ್ದಾವು.

ಉಳಿದವು ಯಾಕೆ ಕಾಣಲಿಲ್ಲ? ಒಂದೊಂದನ್ನೂ ಎತ್ತಿ ನೋಡಿದೆವು. ಎರಡು ತೆಂಗಿನಕಾಯಿ, ಒಂದು ಕಿಲೋ ಈರುಳ್ಳಿಗೇ ಹಿಡಿ ಕಿತ್ತುಕೊಂಡಿವೆ: ಹಿಡಿಯ ತುದಿಯನ್ನು ಬಾಯಂಚಿಗೆ ಒಂದೇ ಸಾಲು ಹೊಲಿಗೆಯಲ್ಲಿ ತಗುಲಿಸಿದ್ದಾರೆ. ಕೆಲವು ಒಂದೇ ಒಗೆತಕ್ಕೆ ಬಣ್ಣ ಬಿಟ್ಟು ಕುಗ್ಗಿವೆ. ಕೆಲವು ಬಟ್ಟೆಯೇ ಅಲ್ಲ. ಬಟ್ಟೆಯಂತೆ ತೋರುವ, ನೇಯದ ಪಾಲಿಪ್ರೊಪಿಲೀನ್, ಅಪ್ಪಟ ಪ್ಲಾಸ್ಟಿಕ್. ಊರಿನಲ್ಲಿ ನಮ್ಮ ಅಜ್ಜಿ ಹಳೆಯ ಪ್ಯಾಂಟಿನ ಕಾಲಿನಿಂದ ಹೊಲಿದ ಸಂಚಿಯ ಹಿಡಿ ತಳದವರೆಗೂ ಸುತ್ತಿ ಬರುತ್ತಿತ್ತು. ಭಾರವನ್ನು ಹೊಲಿಗೆಯಲ್ಲ, ಪಟ್ಟಿಯೇ ಹೊರುತ್ತಿತ್ತು. ಆ ಸಂಚಿಗಾಗಿ ಹೊಸ ಹತ್ತಿ ಬೆಳೆಯಬೇಕಾಗಿಯೂ ಇರಲಿಲ್ಲ. ಸರ್ಕಾರ ಚೀಲದ ಬಣ್ಣದ ಬಗ್ಗೆ ತೋರಿದ ಆಸ್ಥೆಯನ್ನು ಹಿಡಿಯ ಬಗ್ಗೆಯೂ ತೋರಬಾರದೇ? ಅಂಗಡಿಯವರು ಬಿಟ್ಟಿ ಕೊಡುವುದನ್ನು ನಿಲ್ಲಿಸಿ ಬೆಲೆ ಕಟ್ಟಲಿ, ಚೀಲ ತಂದವರಿಗೆ ಬಿಲ್ಲಿನಲ್ಲಿ ಅಷ್ಟು ಕಳೆಯಲಿ.

ಇನ್ನೂ ಒಂದು ತೊಡಕುಂಟು. ಹೊರಡುವ ಮುನ್ನ ಸೀರೆ ಕೊಳ್ಳಲು ಗಟ್ಟಿಯಾದ ಒಂದು ಚೀಲವನ್ನು ಆರಿಸಿಕೊಂಡು ದೊಡ್ಡ ಅಂಗಡಿಯೊಂದಕ್ಕೆ ಹೋದೆವು. ಬಾಗಿಲಲ್ಲೇ ಕಾವಲುಗಾರರು ಅದನ್ನು ಇಸಿದುಕೊಂಡು ಟೋಕನ್ ಕೊಟ್ಟರು. ಹೊರಗಿನ ಚೀಲ ಒಳಗೆ ಬರುವಂತಿಲ್ಲ. ಬಿಲ್ ಕಟ್ಟಿದ ಮೇಲೆ ಸೀರೆಯನ್ನು ಅಂಗಡಿಯ ಚೀಲದಲ್ಲಿಟ್ಟು ಬಾಯಿಗೆ ಪಿನ್ನು ಹೊಡೆದರು. ಬೇಡವೆಂದೆವು. “ಸಾರ್, ಹಾಗೆ ಕೈಯಲ್ಲಿ ಹಿಡಿದು ಹೋದರೆ ಬಾಗಿಲಲ್ಲಿ ಬಿಡುವುದಿಲ್ಲ” ಎಂದ ಹುಡುಗನ ದನಿಯಲ್ಲಿ ನಮ್ಮ ಬಗ್ಗೆ ಮರುಕವೇ ಇತ್ತು. 63ನೆಯದು ಹೀಗೆ ಮನೆಗೆ ಬಂತು.